ತಿದ್ದಲು ಬಿಟ್ಟ ಚಿತ್ರಗಳು

ಇಪ್ಪತ್ತೇಳನೇ ಕಾರ್ಡಿನಲ್ಲಿ ಬೂದು ಬಣ್ಣದ ಒಂದು ಹಡಗಿತ್ತು. ವೀರಪ್ಪನವರು ಅದನ್ನು ಎಡಗೈಯಲ್ಲಿ ಎತ್ತಿಕೊಂಡು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮಗುಚಿ ಮೇಜಿನ ಮೇಲಿಟ್ಟರು. ನಾನು ಅಂಕಪಟ್ಟಿಯಲ್ಲಿ ಸೊನ್ನೆ ಬರೆದೆ.

ನಾನು ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್. ಆಗ ಕೆಲಸಕ್ಕೆ ಸೇರಿ ಎರಡನೇ ವರ್ಷ. ಪ್ರತಿ ಗುರುವಾರ ಬಸ್ಸಿನಲ್ಲಿ ಇಳಕಲ್ಲಿಗೆ ಹೋಗಿ ಅಲ್ಲಿನ ನಮ್ಮ ಚಿಕ್ಕ ಕೇಂದ್ರದಲ್ಲಿ ರೋಗಿಗಳನ್ನು ನೋಡುತ್ತಿದ್ದೆ. ವೀರಪ್ಪನವರು ಅರವತ್ತೊಂದು ವರ್ಷದ ಕೈಮಗ್ಗದ ನೇಕಾರರು. ಇದು ಅವರ ನಿಜವಾದ ಹೆಸರಲ್ಲ. ನನ್ನ ಬಳಿ ಮೊದಲು ಬಂದಾಗ ಲಕ್ವಾ ಹೊಡೆದು ಆರು ವಾರವಾಗಿತ್ತು. ಬಲಗೈಗೆ ಶಕ್ತಿ ತಕ್ಕಮಟ್ಟಿಗೆ ಮರಳುತ್ತಿತ್ತು, ಮಾತು ಮರಳಿರಲಿಲ್ಲ. ಈ ಸ್ಥಿತಿಯನ್ನು ಅಫೇಸಿಯಾ ಎನ್ನುತ್ತೇವೆ. ಬುದ್ಧಿ ಕೆಟ್ಟಿರುವುದಿಲ್ಲ, ಹೇಳಬೇಕಾದ ಪದ ಒಳಗೇ ಇರುತ್ತದೆ, ಕರೆದಾಗ ಮಾತ್ರ ಬರುವುದಿಲ್ಲ. ಚಿತ್ರ ತೋರಿಸಿ ಹೆಸರು ಹೇಳಿಸುವುದು ಚಿಕಿತ್ಸೆಯ ಒಂದು ಮುಖ್ಯ ಕ್ರಮ. ಚೇತರಿಕೆ ಹೆಚ್ಚಾಗಿ ಆಗುವುದು ಮೊದಲ ಕೆಲವು ತಿಂಗಳುಗಳಲ್ಲಿ. ಆ ಅವಧಿ ಕೈತಪ್ಪಿದರೆ ಅವರು ಉಳಿದ ಆಯುಷ್ಯವನ್ನು ಸನ್ನೆಯಲ್ಲೇ ಕಳೆಯಬೇಕಾಗಬಹುದಿತ್ತು.

ಮೂರು ಗುರುವಾರ ಕಳೆದರೂ ತೊಂಬತ್ತಾರು ಕಾರ್ಡುಗಳಲ್ಲಿ ಅವರು ಹೆಸರಿಸಿದ್ದು ನಾಲ್ಕು. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಗಂಗವ್ವ ಅಂದು ಕೇಳಿಯೇ ಬಿಟ್ಟರು.

“ಸಿಟ್ಟಾಗಬ್ಯಾಡ್ರಿ ಮೇಡಂ. ಈ ಹಡಗು ನೀವಾದ್ರೂ ಕಣ್ಣಲೆ ನೋಡೀರೇನು?”

“ಇಲ್ಲರಿ.”

“ಮತ್ತ ಇವರ್ನ ಯಾಕ ಕೇಳ್ತೀರಿ? ಮಾತಿದ್ದಾಗೂ ಇವರು ಹಡಗಿನ ಸುದ್ದಿ ತಗದವರಲ್ಲ.”

ನಾನು ಹಡಗಿನ ಕಾರ್ಡನ್ನು ಎತ್ತಿ ಪಕ್ಕಕ್ಕಿಟ್ಟೆ. ಕಾರ್ಡುಗಳು ಚೆನ್ನಾಗಿಯೇ ಇದ್ದವು, ಆದರೆ ಬೇರೆ ಕಡೆಯ ಮನೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದವು. ಕೆಲವು ಚಿತ್ರಗಳನ್ನು ಬದಲಿಸಿಕೊಳ್ಳಬಹುದೇ ಎಂದು ಅವುಗಳ ಪ್ರಕಾಶಕರಿಗೆ ಬರೆದೆ. ಹದಿನಾರು ದಿನಗಳ ನಂತರ ಸೌಜನ್ಯದ ಉತ್ತರ ಬಂತು: ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಲಾಗಿದೆ, ಬದಲಾವಣೆಗೆ ಅನುಮತಿಯಿಲ್ಲ. ಅದು ಅವರ ಹಕ್ಕು, ನನಗೆ ದೂರಿಲ್ಲ. ಆದರೆ ಕಳೆದುಹೋದ ಆ ಹದಿನಾರು ದಿನಗಳು ವೀರಪ್ಪನವರವು.

ಬರೀ ಚಿತ್ರಗಳಾಗಿದ್ದರೆ ನಾನೇ ತೆಗೆಯಬಹುದಿತ್ತು. ಪದಗಳ ಕ್ರಮ, ಪ್ರತಿ ಪದಕ್ಕೂ ಹಂತಹಂತವಾಗಿ ಕೊಡುವ ಸುಳಿವು, ಅಂಕ ಹಾಕುವ ವಿಧಾನ, ಇವು ಒಬ್ಬಳು ಒಂದು ವಾರ ಕೂತು ಮಾಡುವಂಥವಲ್ಲ. ಹುಡುಕುತ್ತಿದ್ದಾಗ ಬೇರೆ ರಾಜ್ಯದ ಒಬ್ಬ ಥೆರಪಿಸ್ಟ್ ತಾವು ಮಾಡಿದ ಕಾರ್ಡುಗಳನ್ನು ಓಪನ್ ಲೈಸೆನ್ಸಿನಲ್ಲಿ, ಅಂದರೆ ಮುಕ್ತ ಪರವಾನಗಿಯಲ್ಲಿ, ಅಂತರ್ಜಾಲಕ್ಕೆ ಹಾಕಿದ್ದು ಸಿಕ್ಕಿತು. ಕೃತಿ ಅವರದೇ, ಆದರೆ ಯಾರು ಬೇಕಾದರೂ ಬಳಸಬಹುದು, ಅನುವಾದಿಸಬಹುದು, ತಿದ್ದಬಹುದು. ಷರತ್ತು ಎರಡೇ. ಮಾಡಿದವರ ಹೆಸರು ಹೇಳಬೇಕು. ತಿದ್ದಿದ್ದನ್ನು ಹಂಚುವುದಾದರೆ ಅದೇ ಷರತ್ತಿನ ಮೇಲೆ ಎಲ್ಲರಿಗೂ ಬಿಡಬೇಕು.

ಇವೂ ತೊಂಬತ್ತಾರು ಕಾರ್ಡುಗಳೇ. ಆರು ದಿನಗಳಲ್ಲಿ ಪದಗಳನ್ನೆಲ್ಲ ನಮ್ಮ ಕಡೆಯ ಕನ್ನಡಕ್ಕೆ ತಂದು, ಮೂವತ್ತೆಂಟು ಚಿತ್ರಗಳನ್ನು ಬದಲಿಸಿದೆ. ಜೋಳದ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಚಹಾದ ಕಪ್ಪು-ಬಸಿ, ಟಂಟಂ ಆಟೊ ಬಂದವು. ಹೆಚ್ಚಿನ ಫೋಟೋಗಳನ್ನು ನಮ್ಮ ಮನೆಯಲ್ಲೇ ತೆಗೆದೆ. ರೊಟ್ಟಿ ಬಡಿಯುವ ಕೈ ಅವ್ವನದು. ಮಗ್ಗದಲ್ಲಿ ಅಡ್ಡನೂಲನ್ನು ಅತ್ತಿತ್ತ ಒಯ್ಯುವ ಲಾಳಿಯ ಫೋಟೋವನ್ನು ಪರಿಚಯದವರ ಪವರ್‌ಲೂಮಿನಲ್ಲಿ ತೆಗೆದುಕೊಂಡೆ. ಎಲ್ಲ ಲಾಳಿಯೂ ಒಂದೇ ಎಂದುಕೊಂಡಿದ್ದೆ.

ಮುಂದಿನ ಗುರುವಾರ ವೀರಪ್ಪನವರು “ರೊಟ್ಟಿ” ಎಂದರು. ತಡವರಿಸಲಿಲ್ಲ. ಲಾಳಿಯ ಕಾರ್ಡು ಇಟ್ಟಾಗ ಮಾತ್ರ ಹುಬ್ಬು ಗಂಟಿಕ್ಕಿ ಅದನ್ನು ನನ್ನ ಕಡೆಗೇ ತಳ್ಳಿದರು. ಸುಳಿವು ಕೊಡಲು ಹೋದರೆ ಕೈ ಎತ್ತಿ ತಡೆದರು.

“ಅಲ್ಲ. ಲಾಳಿ… ನಮ್ದಲ್ಲ. ಮಷಿನ್… ಮಷಿನ್ದು.”

ಗಂಗವ್ವ ಬಗ್ಗಿ ನೋಡಿದರು. “ಖರೆ ಐತ್ರಿ ಮೇಡಂ. ಪವರ್‌ಲೂಮಿನ್ ಲಾಳಿ ಇದು, ಎಷ್ಟು ದಪ್ಪ ಐತಿ ನೋಡ್ರಿ.” ಗಂಡನ ಕಡೆ ತಿರುಗಿದರು. “ಮೂರು ತಿಂಗಳಾದ ಮ್ಯಾಲೆ ಬಾಯಿ ಬಂತು. ಬಂದ ಕೂಡ್ಲೆ ತಪ್ಪು ತಗಿಯೂದು ಚಾಲೂ ಮಾಡಿದ್ರಿ. ಎಲ್ಲಾ ಮೊದಲಿನಂಗ ಆತು, ಬಿಡ್ರಿ.”

ವೀರಪ್ಪನವರು ನಕ್ಕರು. ಆ ತಪ್ಪು ಚಿತ್ರಕ್ಕೆ ನಾನು ಪೂರ್ಣ ಅಂಕ ಕೊಟ್ಟೆ. ಅಂದು ಮಧ್ಯಾಹ್ನವೇ ಅವರ ಮನೆಗೆ ಹೋಗಿ ಅವರ ಕೈಯಲ್ಲಿ ಅವರದೇ ಲಾಳಿ ಇರುವ ಫೋಟೋ ತೆಗೆದೆ. ಸಂಜೆಯೊಳಗೆ ಕಾರ್ಡು ಬದಲಾಯಿತು. ಯಾರ ಉತ್ತರಕ್ಕೂ ಕಾಯಬೇಕಾಗಲಿಲ್ಲ. ಹನ್ನೊಂದು ವಾರಗಳ ನಂತರ ಅವರು ತೊಂಬತ್ತಾರರಲ್ಲಿ ಅರವತ್ತೊಂದನ್ನು ಹೆಸರಿಸುತ್ತಿದ್ದರು.

ಅಷ್ಟರಲ್ಲಿ ಹುನಗುಂದದಲ್ಲಿ ಇದೇ ಕೆಲಸ ಮಾಡುವ ಗೆಳತಿ ತನಗೂ ಒಂದು ಪ್ರತಿ ಬೇಕೆಂದಳು. ಷರತ್ತಿನ ಪ್ರಕಾರ ಅವಳಿಗೆ ಕೊಡುವುದೆಂದರೆ ಎಲ್ಲರಿಗೂ ಬಿಟ್ಟುಕೊಡುವುದು. ಒಂಬತ್ತು ದಿನ ನಾನು ಅದನ್ನು ಮುಂದೂಡಿದೆ. ಫೋನಿನಲ್ಲಿ ಸಹ ನನ್ನ ಫೋಟೋ ಹಾಕಿಕೊಳ್ಳುವವಳಲ್ಲ ನಾನು. ನಮ್ಮ ಅಡುಗೆಮನೆಯ ಕಟ್ಟೆ, ಅಪ್ಪನ ಕನ್ನಡಕ, ಅವ್ವನ ಕೈ ಇನ್ನು ಯಾರ ಬಳಿಗಾದರೂ ಹೋಗಬಹುದು; ಮುದ್ರಿಸಿ ಮಾರಿದರೂ ತಡೆಯುವಂತಿಲ್ಲ. ಒಮ್ಮೆ ಬಿಟ್ಟರೆ ಹಿಂದಕ್ಕೆ ಪಡೆಯುವಂತಿಲ್ಲ. ಅವ್ವನನ್ನು ಕೇಳಿದೆ. “ರೊಟ್ಟಿ ಬಡಿಯೂ ಕೈ ಯಾರ್ದಾದ್ರೇನವಾ?” ಎಂದು ಅವಳು ಒಲೆಯ ಕಡೆ ತಿರುಗಿದಳು.

ವೀರಪ್ಪನವರ ಒಪ್ಪಿಗೆಯೂ ಬೇಕಿತ್ತು. ಗುರುವಾರ ಅವರ ಮನೆಗೆ ಹೋಗಿ ಎಲ್ಲವನ್ನೂ ವಿವರಿಸಿದೆ. ರೋಗಿ ಎಂಬ ಮಾತು ಎಲ್ಲೂ ಬರುವುದಿಲ್ಲ, ಲಾಳಿ ಹಿಡಿದ ಕೈ ಮಾತ್ರ ಇರುತ್ತದೆ, ಮುಖವಿಲ್ಲ ಎಂದೆ.

“ಮಾರಿ ಕಾಣೂದಿಲ್ಲಂದ್ರ ಅಡ್ಡಿಯಿಲ್ಲರಿ. ಆದ್ರ ಇಷ್ಟು ಕಷ್ಟ ಪಟ್ಟು ಮಾಡಿ ಮಂದಿಗ್ಯಾಕ ಕೊಡ್ತೀರಿ?” ಎಂದರು ಗಂಗವ್ವ.

ಉತ್ತರ ಹೇಳಿದ್ದು ವೀರಪ್ಪನವರು. “ನಾ… ನೇಯೂದು ಕಲಿಸೀನಿ. ಹನ್ನೊಂದ್ ಮಂದಿಗೆ. ಕೊಡ್ರಿ.”

“ಫೋಟೋದ ಕೆಳಗ ಹೆಸರು ಏನಂತ ಬರೀಲ್ರಿ?” ಎಂದು ಅವರನ್ನೇ ಕೇಳಿದೆ.

ಗಂಗವ್ವ ಬಾಯಿ ತೆರೆದರು. ವೀರಪ್ಪನವರು ತಲೆಯಾಡಿಸಿ ತಡೆದರು. ಬಹಳ ಹೊತ್ತು ಹಿಡಿಯಿತು. ನಾನು ಸುಳಿವು ಕೊಡಲಿಲ್ಲ. ಮೊದಲು ತಮ್ಮ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ “ಇಳಕಲ್”. ಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡು ಚಹಾ ಮಾಡಲು ಎದ್ದು ಹೋದರು.

ಈಗ ಆ ಕಾರ್ಡುಗಳು ಹುನಗುಂದದಲ್ಲಿವೆ. ಬಾದಾಮಿಯಲ್ಲಿ ಒಬ್ಬರು ಲಾಳಿ ತೆಗೆದು ಮಂಗನ ಚಿತ್ರ ಹಾಕಿಕೊಂಡಿದ್ದಾರೆ. ಮಂಗಗಳೇ ತುಂಬಿದ ಆ ಊರಿಗೆ ಅದೇ ಸರಿ. ರೋಗಿ ಉತ್ತರಿಸದಿದ್ದಾಗ ಮೊದಲು ಪ್ರಶ್ನೆಯನ್ನು ಅನುಮಾನಿಸಬೇಕು, ಅದನ್ನು ತಿದ್ದುವ ಸ್ವಾತಂತ್ರ್ಯ ನಮ್ಮ ಕೈಯಲ್ಲಿರಬೇಕು. ಈ ಕೆಲಸ ನನಗೆ ಕಲಿಸಿದ್ದು ಇದನ್ನು. ಆ ಸ್ವಾತಂತ್ರ್ಯವನ್ನು ನನಗೆ ಕೊಟ್ಟವರ ಮುಖವನ್ನೂ ನಾನು ನೋಡಿಲ್ಲ. ಹೆಮ್ಮೆ ಎಂಬ ಮಾತನ್ನು ಹಗುರವಾಗಿ ಬಳಸುವವಳಲ್ಲ; ಈ ಕಾರ್ಡುಗಳ ಬಗ್ಗೆ ಬಳಸುತ್ತೇನೆ.

ವೀರಪ್ಪನವರು ತಮ್ಮ ಹೆಸರು ಹೇಳಿದ ಮರುದಿನ, ಶುಕ್ರವಾರ ಬೆಳಗ್ಗೆ, ರೋಗಿಗಳು ಬರುವ ಮೊದಲೇ ಆಸ್ಪತ್ರೆಗೆ ಹೋಗಿ ಕಾರ್ಡುಗಳನ್ನು ಅಂತರ್ಜಾಲಕ್ಕೆ ಏರಿಸಿದೆ. ಹೆಸರುಗಳ ಪಟ್ಟಿಯಲ್ಲಿ ಮೊದಲು ಆ ಥೆರಪಿಸ್ಟ್, ಆಮೇಲೆ ಲಾಳಿ ಹಿಡಿದವರು, ಅವರು ಹೇಳಿದ ಕ್ರಮದಲ್ಲೇ, ಆಮೇಲೆ ಅವ್ವ. ನನ್ನ ಸಾಲಿನಲ್ಲಿ ಎರಡು ಇನಿಷಿಯಲ್ ಮಾತ್ರ ಹಾಕಿದ್ದೆ. ಅವನ್ನು ಅಳಿಸಿ ಪೂರ್ತಿ ಹೆಸರು ಬರೆದೆ.