ಅಧ್ಯಾಯದೊಳಗೆ ಹೊಕ್ಕ ದೇವರ ಪತ್ರ

ಗೆಳೆಯರೇ, ಇವತ್ತು ಗದಗಿನ ನನ್ನ ಟೈಪಿಂಗ್ ಶಾಲೆಯ ಮರ್ಯಾದೆ ಕೂದಲೆಳೆಯಲ್ಲಿ ಉಳಿಯಿತು. ಗಣಿತದ ಉಪನ್ಯಾಸಕಿ ಸುಮಿತ್ರಾಬಾಯಿಯವರು ನಮ್ಮಲ್ಲಿ ಟೈಪ್ ಮಾಡಿಸಿದ ತಮ್ಮ ಪಿಎಚ್.ಡಿ. ಅಧ್ಯಾಯದ ಐದು ಪ್ರತಿ ಹಿಡಿದು ನಾಲ್ಕರ ಬಸ್ಸಿಗೆ ಧಾರವಾಡಕ್ಕೆ ಹೋಗಬೇಕಿತ್ತು. ವಂಶವಾಹಿಗಳ ನಡುವೆ ಜಿಗಿದಾಡುತ್ತ ತಮ್ಮ ನಕಲು ತಾವೇ ಹೆಚ್ಚಿಸಿಕೊಳ್ಳುವ ತುಣುಕುಗಳು ಪೀಳಿಗೆಯಿಂದ ಪೀಳಿಗೆಗೆ ಎಷ್ಟಾಗುತ್ತವೆ ಎಂಬುದು ಅವರ ಲೆಕ್ಕ.

ಮೂರೂವರೆಗೆ ಹಾಳೆ ತಿರುವುತ್ತಿದ್ದವರು ತಟ್ಟನೆ ನಿಂತರು. "ಏನ್ರಿ ಸರ, ನನ್ನ ಸಮೀಕರಣದ ಹಾಳಿಗಳ ನಡುವ 'ಈ ಪತ್ರವನ್ನು ಹನ್ನೊಂದು ಮಂದಿಗೆ ಕಳಿಸದಿದ್ದರೆ ಕೇಡು ತಪ್ಪದು' ಅಂತ ಐತಲ್ಲ?"

ನಮ್ಮ ಟೈಪಿಸ್ಟ್ ಶಾಂತವ್ವ ಅಳುಮುಖ ಮಾಡಿದಳು. "ಟಪಾಲಿನಾಗ ದೇವರ ಪತ್ರ ಬಂದಿತ್ರಿ. ಕಾರ್ಬನ್ ಹಾಕಿ ಅದರ ಪ್ರತಿ ತೆಗ್ಯಾಕತ್ತಿದ್ದೆ, ಹಾಳಿ ಕಲತಬಿಟ್ಟಾವ್ರಿ."

ನಾನು ಬೈಸಿಕೊಳ್ಳಲು ತಯಾರಾದೆ. ಬಾಯಿಯವರು ನಕ್ಕುಬಿಟ್ಟರು. "ನಾ ಲೆಕ್ಕ ಹಾಕೋ ತುಣುಕೂ ಹಿಂಗ ಐತ್ರಿ. ಯಾರಿಗೂ ಉಪಯೋಗಿಲ್ಲ, ಖರೆ ನಕಲು ಮಾಡಿಸ್ಕೊಂಡು ಎಲ್ಲಾರ ಮನಿ ಹೊಗತೈತಿ. ಜಲ್ದಿ ತೆಗೀರಿ, ಬಸ್ಸು ಹೋಗತೈತಿ!"

ಐದೂ ಪ್ರತಿಗಳಿಂದ ಆ ಹಾಳೆಗಳನ್ನು ಕಿತ್ತೆವು. ಬಸ್ಸು ಸಿಕ್ಕಿತು.

"ಆ ಪತ್ರ ಹರದು ಒಗಿಯವ್ವಾ," ಎಂದೆ.

"ನೀವ ಹರೀರಿ ಸರ," ಎಂದಳು ಶಾಂತವ್ವ.

ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಹರಿಯದೆ, ಬಸ್ ನಿಲ್ದಾಣದ ಎದುರಿನ ಇನ್ನೊಂದು ಟೈಪಿಂಗ್ ಶಾಲೆಯ ವಿಳಾಸ ಬರೆದು ಟಪಾಲಿಗೆ ಹಾಕಿದೆ. ಅಲ್ಲಿ ಮಷೀನುಗಳು ಸುಮ್ಮನೆ ಕೂತಿವೆಯಂತೆ.