ಶಾಂತಾ ಕಾಕುವಿನ ಡೋಂಗಾ

ಬಟ್ಟಲು ಕೊಳ್ಳುವ ಮೊದಲು ಶಾಂತಾ ಕಾಕು ಅದರಿಂದ ಬಡಿಸಿ ನೋಡುತ್ತಿದ್ದರು. ಅವರ ಚೀಲದಲ್ಲಿ ಸದಾ ಒಂದು ದೊಡ್ಡ ಚಮಚ ಇರುತ್ತಿತ್ತು. ಅಂಗಡಿಯ ಮೇಜಿನ ಮೇಲೆ ಖಾಲಿ ಬಟ್ಟಲಿಟ್ಟು, ಅದರೊಳಗೆ ಚಮಚ ಆಡಿಸಿ, ಎದುರು ನಿಂತ ಅಂಗಡಿಯವನಿಗೆ ಇಲ್ಲದ ಪಲ್ಯ ಬಡಿಸಿ, “ತಗೋರಿ, ಸಾಕ ಅನಬ್ಯಾಡ್ರಿ” ಎಂದು ಉಪಚಾರ ಬೇರೆ. ಅವನು ಕಣ್ಣು ಕಣ್ಣು ಬಿಡುವನು. ಚಮಚ ತಳದ ಮೂಲೆಗೆ ತಾಗದಿದ್ದರೆ ಬಟ್ಟಲಿನ ಮೇಲೆ ಎಷ್ಟೇ ಚಂದದ ಹೂವಿರಲಿ, ಕಾಕು ಪಕ್ಕಕ್ಕೆ ಸರಿಸುವರು. “ನೋಡಾಕ ಭಾಳ ಚಂದ ಐತ್ರಿ. ಆದ್ರ ಪಲ್ಲೆ ಇದರಾಗ ಉಳೀತೈತಿ, ಮಂದಿ ಉಪಾಸ ಏಳತಾರ.”

ಹೈದರಾಬಾದಿನ ಮೆಹದಿಪಟ್ಟಣಂನ ಒಂದು ಹಳೇ ಕಟ್ಟಡದಲ್ಲಿ ನಾನು ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ಅವರು ಶಹಾಪುರದ ಕಡೆಯವರು, ಅವರ ಯಜಮಾನರು ಕಾಕಾ ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ನಾನೋ ಮೈಸೂರಿನವಳು, ಗಚ್ಚಿಬೌಲಿಯ ಆಫೀಸಿನಿಂದ ಬಂದು ಕುಕ್ಕರ್ ಕೂಗಿಸಿದರೆ ನನ್ನ ಅಡುಗೆ ಮುಗಿಯಿತು. ಒಮ್ಮೆ ಅವರಿಬ್ಬರನ್ನೂ ಊಟಕ್ಕೆ ಕರೆದು ಆ ಕುಕ್ಕರನ್ನೇ ಎತ್ತಿ ತಂದು ನಡುವೆ ಇಟ್ಟೆ. ಕಾಕು ಎದೆಯ ಮೇಲೆ ಕೈಯಿಟ್ಟುಕೊಂಡರು. “ಅಯ್ಯ ನಮ್ಮವ್ವ! ಇದೇನ ತಂಗಿ, ಉಣ್ಣಾಕ ಕುಂತೀವೋ, ರೈಲ್ವೆ ಸ್ಟೇಶನ್ದಾಗ ಕುಂತೀವೋ?” ಎದ್ದುಹೋಗಿ ಒಂದು ನೀಲಿ ಬಟ್ಟಲು ತಂದು ನನ್ನ ಬಡ ಬೇಳೆಸಾರನ್ನು ಅದಕ್ಕೆ ಸುರಿದರು. ಸಾರು ಅದೇ, ರುಚಿಯೂ ಅದೇ. ಆದರೂ ಅವತ್ತು ಮನೆಗೆ ಯಾರೋ ಬಂದಿದ್ದಾರೆ ಅನ್ನಿಸಿತು ನೋಡಿ.

ಅವರ ಮನೆಯಲ್ಲಿ ಶೋಕೇಸ್ ಇರಲಿಲ್ಲ. ಹಳೇ ಪಟ್ಟಣ ಪಾತಬಸ್ತಿಯ ಗುಜರಿಯಲ್ಲಿ ಸಿಕ್ಕ, ಬಂಗಾರದ ಅಂಚು ಸವೆದ ಚೀನೀ ಮಣ್ಣಿನ ಬಟ್ಟಲುಗಳು, ಗುಲಾಬಿ ಹೂವಿನ ಎನಾಮೆಲ್ ಬಟ್ಟಲುಗಳು, ನಿನ್ನೆ ಮೊನ್ನೆ ಕೊಂಡ ಗಾಜಿನವು, ಎಲ್ಲವೂ ಅಡುಗೆಮನೆಯಲ್ಲೇ, ಎಲ್ಲವೂ ಕೆಲಸಕ್ಕೆ. ಪುಂಡಿಪಲ್ಯಕ್ಕೆ ಬಿಳಿಯದು, ಎಣ್ಣೆಗಾಯಿಗೆ ಹಸಿರಂಚಿನದು. ಒಡೆದರೆ? “ಒಡೀಲಿ ಬಿಡ. ಉಂಡು ಒಡದದ್ದಕ್ಕ ಯಾಕ ಅಳಬೇಕು?”

ಎಲ್ಲಕ್ಕಿಂತ ದೊಡ್ಡದು ಡೋಂಗಾ. ಮುಚ್ಚಳವಿರುವ ದೊಡ್ಡ ಬಡಿಸುವ ಬಟ್ಟಲಿಗೆ ಹೈದರಾಬಾದಿನ ಉರ್ದುವಿನಲ್ಲಿ ಆ ಹೆಸರು. ಕಾಕು ಅದನ್ನು ತುಂಬಿಸಿ ಕಳಿಸುತ್ತಿದ್ದುದು ಕೆಳಗಿನ ಮನೆಯ ಅನಸೂಯಮ್ಮನಿಗೆ. ಅವರು ತೆಲುಗಿನವರು, ತೆಲುಗಿನಲ್ಲಿ ದೊಂಗ ಅಂದರೆ ಕಳ್ಳ, ಕಳ್ಳಿ. ಬಟ್ಟಲು ಬಂದಾಗಲೆಲ್ಲ ಅನಸೂಯಮ್ಮ “ಮಾ ದೊಂಗ ವಚ್ಚಿಂದಿ!”, ನಮ್ಮ ಕಳ್ಳಿ ಬಂದಳು, ಎಂದು ಕೂಗಿ ನಗುವರು. ಮಾರನೇ ದಿನ ಅದೇ ಬಟ್ಟಲಲ್ಲಿ ಚಕ್ಕುಲಿಯಂಥ ಸಕಿನಾಲು, ಅದಿಲ್ಲದಿದ್ದರೆ ಗೋಂಗೂರ ಪಚ್ಚಡಿ ಮೇಲೆ ಬರುವುದು. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯಾದರೂ ಇರುತ್ತಿತ್ತು. ಖಾಲಿ ಬಟ್ಟಲು ಹಿಂದಿರುಗಿಸುವುದೆಂದರೆ ಸಂಬಂಧ ಮುಗಿಯಿತು ಎಂದ ಹಾಗೆ, ಎರಡೂ ಮನೆಗಳಲ್ಲಿ.

ಅನಸೂಯಮ್ಮನ ಮಗಳ ನಿಶ್ಚಿತಾರ್ಥ ಮನೆಯಲ್ಲೇ ಆಯಿತು. ಪಾಯಸಕ್ಕೆ ಕಾಕುವಿನ ಡೋಂಗಾ ಹೋಗಿತ್ತು. ಗಂಡಿನವರು ಹಳ್ಳಿಯ ಕಡೆಯ ಬಿಗಿ ಜನ. ಉಂಗುರ ತೊಡಿಸುವ ಹೊತ್ತಿಗೆ ಉಂಗುರವೇ ಕಾಣೆ! ಹೆಣ್ಣಿನ ಕಡೆಯವರೆಲ್ಲ ಎದ್ದು ದಿಂಬು, ಚಾಪೆ, ತಟ್ಟೆ ಎಲ್ಲ ಮಗುಚಿ ಹುಡುಕುತ್ತಿದ್ದಾರೆ. ಅಷ್ಟರಲ್ಲಿ ಮೇಲಿನಿಂದ ಇನ್ನಷ್ಟು ಪಾಯಸ ಹೊತ್ತು ಕಾಕು ಬಂದರು. ಇವರೆಲ್ಲ ಹುಡುಕುತ್ತಿರುವುದು ತಮ್ಮ ಬಟ್ಟಲನ್ನೇ ಅಂದುಕೊಂಡರು. ಅದು ಗಂಡಿನ ತಾಯಿಯ ಬೆನ್ನ ಹಿಂದೆ ಕಿಟಕಿಯಲ್ಲಿತ್ತು. ಕಾಕು ಅತ್ತಲೇ ಬೆರಳು ಚಾಚಿ, ತಮ್ಮ ಹರಕು ತೆಲುಗಿನಲ್ಲಿ ಸಂತೋಷದಿಂದ ಕೂಗಿದರು: “ದೊಂಗ ಇಕ್ಕಡೇ ಉಂದಿ! ನೇನು ಚೂಸಿನಾ!” ಗಂಡಿನವರ ಕಿವಿಗೆ ಬಿದ್ದದ್ದು: ಕಳ್ಳಿ ಇಲ್ಲೇ ಇದ್ದಾಳೆ, ನಾನು ನೋಡಿದೆ.

ಗಂಡಿನ ತಾಯಿ ಎದ್ದು ನಿಂತರು, ಹಿಂದೆಯೇ ಅವರ ಕಡೆಯವರೆಲ್ಲ ಎದ್ದರು. ನಾನು ಬಟ್ಟಲು, ಬಟ್ಟಲು ಎಂದು ಹಿಂದಿಯಲ್ಲಿ ಒದರಿಕೊಂಡೆ, ಯಾರು ಕೇಳುತ್ತಾರೆ? ಕಾಕು ಅನಸೂಯಮ್ಮನ ಮುಖವನ್ನೇ ನೋಡಿದರು. ಈಗ ನಕ್ಕು ಬಿಡಿಸಿ ಹೇಳುತ್ತಾರೆ ಎಂಬ ಧೈರ್ಯ ಅವರಿಗೆ. ಅನಸೂಯಮ್ಮ ಬೀಗಿತ್ತಿಯ ಕೈ ಹಿಡಿದುಕೊಂಡು ಹೇಳಿದರು, “ಯಾರೋ ಮೇಲಿನ ಮನೆಯವರು, ಅತ್ತಿಗೆ. ತಲೆ ಸರಿ ಇಲ್ಲ. ನೀವು ಕೂತ್ಕೊಳ್ಳಿ.” ತೆಲುಗೇ, ಆದರೆ ಅಷ್ಟು ತೆಲುಗು ಕಾಕುವಿಗೆ ಬರುತ್ತಿತ್ತು. ಪಾಯಸದ ಪಾತ್ರೆ ಅಲ್ಲೇ ಇಟ್ಟು ಮೇಲೆ ಹತ್ತಿಬಂದರು. ಉಂಗುರ ವೀಳ್ಯದೆಲೆಯ ಕೆಳಗೇ ಸಿಕ್ಕಿತು, ಮಾತು ಗಟ್ಟಿಯಾಯಿತು.

ಎರಡು ದಿನದ ಮೇಲೆ ವಾಚ್‌ಮನ್ನನ ಹೆಂಡತಿ ಡೋಂಗಾ ತಂದುಕೊಟ್ಟಳು. ತೊಳೆದು ಒರೆಸಿದ್ದರು. ಕಾಕು ಮುಚ್ಚಳ ತೆಗೆದು, ಖಾಲಿ ಎಂದು ಕಣ್ಣಿಗೆ ಕಾಣುತ್ತಿದ್ದರೂ ಒಳಗೆ ಕೈಯಾಡಿಸಿ ನೋಡಿದರು. “ಏನೂ ಇಲ್ಲ ತಂಗಿ,” ಎಂದರು. ಕೆಳಗೆ ಹೋಗಿ ಜಗಳ ತೆಗೆಯುತ್ತೇನೆ ಎಂದು ಹೊರಟವಳನ್ನು ಅವರೇ ಸೆರಗು ಹಿಡಿದು ಕೂರಿಸಿದರು. ಮದುವೆಗೆ ಕರೆ ಬರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಅನಸೂಯಮ್ಮ ಫೋನ್ ಕಿವಿಗಿಟ್ಟುಕೊಳ್ಳುವರು. ಕಾಕು ಬಟ್ಟಲು ಕೊಳ್ಳುವುದು ಬಿಟ್ಟರು.

ನಾನು ಆಫೀಸಿನ ಹತ್ತಿರಕ್ಕೆ ಮನೆ ಬದಲಿಸಿದ ಮೇಲೆ ಕಾಕುವಿನ ಮೂತ್ರಪಿಂಡ ಕೈಕೊಟ್ಟಿತು. ಕೊನೆಯ ಸಲ ನೋಡಿದಾಗ ಮಂಚದ ಮೇಲೆ ಒರಗಿಕೊಂಡಿದ್ದರು, ಮುಖ ಊದಿಕೊಂಡಿತ್ತು. ಕಾಕಾ ಸ್ಟೀಲ್ ತಟ್ಟೆಯಲ್ಲಿ ಗಂಜಿ ತಂದಿಟ್ಟರು. ಅದನ್ನೂ ಕಾಕು ಟೀಕಿಸಲಿಲ್ಲ, ನನಗೆ ಅಳು ಬಂದದ್ದು ಆಗಲೇ. ಅವರೇ ಮಾತು ತೆಗೆದರು. “ಆಕೀ ಮಗಳ ಲಗ್ನ ಉಳೀತಲ್ಲ, ಬಿಡ. ಆಕಿ ಜಾಗಾದಾಗ ನಾ ಇದ್ರೂ ಹಂಗ ಮಾಡತಿದ್ದೆ.” ಆಮೇಲೆ ತಲೆ ಅಲ್ಲಾಡಿಸಿದರು. “ಇಲ್ಲ ತಂಗಿ. ನಾ ಮಾಡತಿದ್ದಿಲ್ಲ. ಮರುದಿನರ ಬಂದು ಒಂದ ಮಾತ ಆಡತಿದ್ದೆ. ಆಕಿ ಬರಲೇ ಇಲ್ಲ ನೋಡು.”

ಅವರು ಹೋದ ದಿನ ನಾನು ತಲುಪುವಷ್ಟರಲ್ಲಿ ಮನೆ ತುಂಬಿತ್ತು. ಅನಸೂಯಮ್ಮ ಹೊಸ್ತಿಲಾಚೆ ಗೋಡೆಗೆ ಒರಗಿ ನಿಂತಿದ್ದರು, ಒಳಗೆ ಬರಲಾರರು, ಹೋಗಲಾರರು. ನನಗೆ ಅವರ ಮೇಲೆ ಎಂಥ ಸಿಟ್ಟಿತ್ತೆಂದರೆ ನೋಡದವಳಂತೆ ದಾಟಿ ಹೋಗುವವಳಿದ್ದೆ. ಅವರೇ ನನ್ನ ಕೈ ಹಿಡಿದರು.

“ಯಾವಾಗಿಂದ ಹುಷಾರಿರಲಿಲ್ಲ?” ಎಂದು ತೆಲುಗಿನಲ್ಲಿ ಕೇಳಿದರು.

“ತುಂಬಾ ದಿನದಿಂದ, ಆಂಟಿ. ನಿಮಗೆ ಗೊತ್ತಿರಲಿಲ್ಲವಾ?”

“ದಿನಾ ಬೆಳಿಗ್ಗೆ ನನ್ನ ತಲೆಯ ಮೇಲೆ ರೊಟ್ಟಿ ಬಡಿಯೋ ಸದ್ದು ಬರ್ತಿತ್ತು. ಅದನ್ನ ಕೇಳ್ಕೊಂಡೇ ಟೀ ಕುಡೀತಿದ್ದೆ,” ಎಂದರು. “ನಿಂತುಹೋಯ್ತು. ಊರಿಗೆ ಹೋಗಿದ್ದಾಳೆ ಅಂದ್ಕೊಂಡೆ. ವಾಪಸ್ ಬರಲಿ, ಈ ಸಲ ಸದ್ದು ಕೇಳಿದ ಕೂಡಲೇ ಮೇಲೆ ಹೋಗಿಬಿಡೋಣ ಅಂತ ಕಾಯ್ತಾ ಇದ್ದೆ.”