ವೆನಿಟಾಳ ರೋಸ್ ಮತ್ತು ಬಳಗದ ಉಪನಿಯಮ

ದೋಹಾ ಹತ್ತಿರದ ಮೆಸಯೀದಿನ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವ ಯೂಸ್ಟೇಸ್ ಪಿಂಟೊ ಜಗಳಕ್ಕೆ ಹೋಗುವ ಆಸಾಮಿಯೇ ಅಲ್ಲ. ಕಂಪನಿಯ ಬಸ್ಸು ತಡವಾದರೂ, ಮೆಸ್ಸಿನ ಸಾರು ತಣ್ಣಗಿದ್ದರೂ "ಖಲಾಸ್, ಬಿಡಿ" ಎಂದು ಸುಮ್ಮನಾಗುವವನು. ಅಂಥವನ ತಲೆ ಕೆಡಿಸಿದ್ದು ಅಲ್ಲಿನ ಊರವರ ಸಂಘವಾದ ಕರಾವಳಿ ಬಳಗದ ಒಂದು ಉಪನಿಯಮ.

ಮಗಳು ವೆನಿಟಾಳ ಮದುವೆ ದೋಹಾದಲ್ಲೇ ಗೊತ್ತಾಗಿತ್ತು. ಮದುವೆಯ ಮುನ್ನಾದಿನ ನೆಂಟರಿಷ್ಟರೆಲ್ಲ ಸೇರಿ ಹೆಣ್ಣಿಗೆ ತೆಂಗಿನ ಹಾಲೆರೆದು ಹರಸುವ ರೋಸ್ ಶಾಸ್ತ್ರಕ್ಕೆ ಮುಐದರಿನ ಅವನ ಪುಟ್ಟ ಬಾಡಿಗೆ ಮನೆ ಎಲ್ಲಿ ಸಾಲಬೇಕು? ಬಳಗದ ವಿಲ್ಲಾಕ್ಕೆ ದೊಡ್ಡ ಅಂಗಳವಿತ್ತು. ಸದಸ್ಯರು ಅದನ್ನು ಕುಟುಂಬದ ಸಮಾರಂಭಕ್ಕೆ ಬಳಸಬಹುದೆಂದು ಬೈಲಾ ನೆಟ್ಟಗೆ ಹೇಳುತ್ತಿತ್ತು. ಆದರೆ ಕಮಿಟಿಯವರು ವಾಟ್ಸಾಪಿನಲ್ಲೇ ಒಂದು ಉಪನಿಯಮ ಹೊರಡಿಸಿಬಿಟ್ಟಿದ್ದರು: ಕುಟುಂಬದ ಸಮಾರಂಭವೆಂದರೆ ಬರ್ತ್‌ಡೇ ಮತ್ತು ಬೀಳ್ಕೊಡುಗೆ ಮಾತ್ರ. ರೋಸ್ ಮಾಫಿ, ಅಂದರೆ ಇಲ್ಲವೇ ಇಲ್ಲ; ನೆಲ ಜಿಡ್ಡಾಗುತ್ತದೆ.

ಯೂಸ್ಟೇಸ್ ಬಳಗದ ಹಿರಿಯರ ನ್ಯಾಯಮಂಡಳಿಗೆ ದೂರು ಕೊಟ್ಟ. ಅದರ ಮುಖ್ಯಸ್ಥ ಕ್ಲಿಫರ್ಡ್ ಅಂಕಲ್ ಬೈಲಾವನ್ನು ತೆರೆದೂ ನೋಡಲಿಲ್ಲ.

"ಕಮಿಟಿ ಮಾಡಿದ ನಿಯಮ ಅಲ್ವಾ ಮಾರಾಯ? ಅದರ ಅರ್ಥ ಅವ್ರಿಗೇ ಗೊತ್ತಿರ್ತದೆ. ನಾವು ಅಡ್ಡ ಬರ್ಲಿಕ್ಕಾಗುದಿಲ್ಲ."

ಹಾಗಾದರೆ ಈ ಮಂಡಳಿ ಇರುವುದು ಚಹಾ ಕುಡಿಯುವುದಕ್ಕಾ ಎಂಬ ಮಾತು ಯೂಸ್ಟೇಸನ ನಾಲಿಗೆ ತುದಿಗೆ ಬಂದು ಹಿಂದೆ ಹೋಯಿತು.

ಮನೆಗೆ ಬಂದವನೇ ಬೈಲಾಕ್ಕೆ ತಿದ್ದುಪಡಿ ಬರೆಯಲು ಕೂತ. ಮಹಾಸಭೆ ಒಪ್ಪದ ಉಪನಿಯಮ ನಡೆಯದು. ಬೈಲಾದ ಅರ್ಥವನ್ನು ಮಂಡಳಿಯೇ ಓದಿ ತೀರ್ಮಾನಿಸಬೇಕು, ಕಮಿಟಿಯ ಬಾಯಿ ನೋಡಬಾರದು. ಅಲ್ಲಿ ವಾರದ ರಜೆಯಾದ ಶುಕ್ರವಾರದ ಪೂಜೆ ಮುಗಿದ ಮೇಲೆ ಚರ್ಚಿನ ಪಾರ್ಕಿಂಗಿನ ಸುಡುಬಿಸಿಲಲ್ಲಿ ನಿಂತು ಒಬ್ಬೊಬ್ಬರ ಕೈಕಾಲು ಹಿಡಿದ. ಮಹಾಸಭೆಯಲ್ಲಿ ತಿದ್ದುಪಡಿ ಪಾಸಾಯಿತು. ಹೆಂಡತಿ ಮ್ಯಾಗ್ಡಲಿನ್ ಅಂಗಳದ ಅಲಂಕಾರಕ್ಕೆ ಮಲ್ಲಿಗೆಯನ್ನೂ ಹೇಳಿಬಿಟ್ಟಳು.

ಅವನು ಮತ್ತೆ ಮಂಡಳಿಯ ಮುಂದೆ ಹೋದ. ಕ್ಲಿಫರ್ಡ್ ಅಂಕಲ್ ಈ ಸಲ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಚಂದ ಬರ್ದಿದ್ದೀ. ಆದ್ರೆ ಹಳೇ ಉಪನಿಯಮಕ್ಕೂ ಇದು ಅನ್ವಯ ಆಗ್ತದಾ?"

"ಅದನ್ನು ನೀವೇ ಹೇಳ್ಬೇಕು ಅಂಕಲ್. ಅದಕ್ಕೇ ಇಷ್ಟೆಲ್ಲ ಒದ್ದಾಡಿದ್ದು!"

"ಹೇಳುವ, ಹೇಳುವ. ಕಮಿಟಿಯ ಹತ್ರ ಒಂದು ಮಾತು ಕೇಳಿ ಹೇಳುವ."

ಕಮಿಟಿ ಅನ್ವಯಿಸುವುದಿಲ್ಲ ಎಂದಿತು. ಕಮಿಟಿ ಹೇಳಿದ್ದೇ ಸರಿ ಎಂದಿತು ಮಂಡಳಿ.

ರೋಸ್ ಮುಐದರಿನ ಮನೆಯ ಕಾರ್ ಶೆಡ್ಡಿನಲ್ಲೇ ನಡೆಯಿತು. ಅರ್ಧ ಜನ ಒಳಗೆ, ಅರ್ಧ ಜನ ಹೊರಗೆ ರಸ್ತೆಯಲ್ಲಿ. ಕ್ಲಿಫರ್ಡ್ ಅಂಕಲ್ ಬೆವರು ಒರೆಸಿಕೊಳ್ಳುತ್ತ ಬಂದು, ವೆನಿಟಾಳ ತಲೆಗೆ ತೆಂಗಿನ ಹಾಲೆರೆದು, ಶಿಲುಬೆ ಗುರುತು ಹಾಕಿ ಹರಸಿದರು. ಅವರ ಕಣ್ಣು ತುಂಬಿತ್ತು.

"ಇದಕ್ಕಿಂತ ದೊಡ್ಡ ಫ್ಯಾಮಿಲಿ ಫಂಕ್ಷನ್ ಬೇರೆ ಯಾವುದುಂಟು ಯೂಸ್ಟೇಸ್? ಆ ಅಂಗಳದಲ್ಲೇ ಆಗ್ಬೇಕಿತ್ತು."

"ಇದನ್ನು ಮಂಡಳಿಯಲ್ಲಿ ಹೇಳ್ಬೇಕಿತ್ತು ಅಂಕಲ್."

"ನಾನಾ?" ಅಂಕಲ್ ನಿಜಕ್ಕೂ ಬೆಚ್ಚಿಬಿದ್ದರು. "ಅದನ್ನೆಲ್ಲ ಹೇಳ್ಲಿಕ್ಕೆ ನಾನು ಯಾರು ಮಾರಾಯ?"

ಯೂಸ್ಟೇಸ್ ಅವರ ಕೈಯಿಂದ ತೆಂಗಿನ ಹಾಲಿನ ಬಟ್ಟಲು ತೆಗೆದುಕೊಂಡು, ರಸ್ತೆಯಲ್ಲಿ ಕಾಯುತ್ತಿದ್ದವರ ಕೈಗೆ ದಾಟಿಸಿದ.